‘ಪಿರ ಏಪ?’: ಐಸಿಯುವಿನಿಂದ ಬದುಕಿ ಬಂದ ಒಬ್ಬರ ಪ್ರಕರಣ

ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದ ಒಬ್ಬರನ್ನು ಈ ಬರಹದಲ್ಲಿ ಸಂಜೀವಣ್ಣ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ವಯಸ್ಸು, ಊರು, ದುಡಿದ ದೇಶ, ಮನೆಮಂದಿಯ ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆಯುವ ಮೊದಲು ಅವರನ್ನೂ ಅವರ ಹೆಂಡತಿಯನ್ನೂ ಕೇಳಿದ್ದೆ. ಇಬ್ಬರೂ ಓದಿ ಎರಡು ಕಡೆ ತಿದ್ದಿಸಿದರು. ಯಾವ ವಿಷ, ಎಷ್ಟು, ಹೇಗೆ ಎಂಬುದನ್ನು ಬೇಕೆಂದೇ ಬರೆದಿಲ್ಲ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಈ ಪ್ರಕರಣದಲ್ಲಿ ನಾವು ಮೊದಲು ತಪ್ಪಿದೆವು, ಆಮೇಲೆ ಹೇಗೋ ತಿದ್ದಿಕೊಂಡೆವು. ಆ ತಪ್ಪಿನ ಭಾಗವನ್ನೇ ಹೆಚ್ಚು ಬರೆಯಬೇಕೆಂದಿದ್ದೇನೆ.

ಹಿನ್ನೆಲೆ

ಸಂಜೀವಣ್ಣನಿಗೆ ನಲವತ್ತು ದಾಟಿತ್ತು. ಐಟಿಐ ಮುಗಿಸಿ, ಮೀಸೆ ಸರಿಯಾಗಿ ಮೂಡುವ ಮೊದಲೇ ಗಲ್ಫ್‌ಗೆ ಹೋದವರು. ಎಸಿ ಮೆಕ್ಯಾನಿಕ್. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ತಂಗಿಯ ಮದುವೆ, ತಮ್ಮನ ಡಿಪ್ಲೊಮಾ, ಹಳೆಯ ಹಂಚಿನ ಮನೆಯ ಜಾಗದಲ್ಲಿ ಎದ್ದ ಟೆರೇಸ್ ಮನೆ, ಎಲ್ಲವೂ ಅಲ್ಲಿಂದ ಬಂದ ದುಡ್ಡಿನದ್ದೇ. ಮನೆಯ ಹಿಂದೆ ಒಂದು ಎಕರೆಗೂ ಕಡಿಮೆ ಅಡಿಕೆ ತೋಟ. ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ತಾಯಿ. ಮನೆಯ ದೊಡ್ಡ ಮಾತುಗಳೆಲ್ಲ ಸೋದರಮಾವನ ಬಾಯಿಂದಲೇ ಬರಬೇಕು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಅವರು ರಜೆಯಲ್ಲಿ ಬಂದರು. ಎರಡು ತಿಂಗಳು ಕಳೆಯಿತು, ಮೂರನೆಯದೂ ಕಳೆಯಿತು. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಗಲ್ಫ್‌ನಿಂದ ಬಂದವರನ್ನು ನಮ್ಮೂರು ಮಾತನಾಡಿಸುವ ರೀತಿ ಒಂದೇ: “ಏಪ ಬತ್ತಿನಿ? ಪಿರ ಏಪ?” ಯಾವಾಗ ಬಂದದ್ದು, ವಾಪಸ್ ಯಾವಾಗ? ಬಸ್‌ಸ್ಟ್ಯಾಂಡಿನಲ್ಲಿ, ಸೊಸೈಟಿಯ ಕ್ಯೂನಲ್ಲಿ, ಬಾಳೆಎಲೆಯ ಮುಂದೆ ಕುಳಿತಾಗ, ಎಲ್ಲ ಕಡೆ ಅದೇ. ಕೇಳುವವರಿಗೆ ಅದು ‘ಊಟ ಆಯಿತಾ’ ಎಂದ ಹಾಗೆ. ಉತ್ತರಕ್ಕೆ ಅವರು ಕಾಯುವುದೂ ಇಲ್ಲ.

ಸಂಜೀವಣ್ಣನ ಬಳಿ ಉತ್ತರ ಇರಲಿಲ್ಲ. ಕಂಪೆನಿ ಮುಚ್ಚಿ ಆಗಲೇ ವರ್ಷವಾಗುತ್ತ ಬಂದಿತ್ತು. ಗೆಳೆಯರ ರೂಮಿನಲ್ಲಿ ಚಾಪೆ ಹಾಸಿಕೊಂಡು ಎಂಟು ತಿಂಗಳು ಕೆಲಸ ಹುಡುಕಿದ್ದರು. ಆ ಎಂಟೂ ತಿಂಗಳು ಮನೆಗೆ ‘ಸಂಬಳ’ ಬರುತ್ತಲೇ ಇತ್ತು. ಅದು ಅಲ್ಲಿಯ ಬ್ಯಾಂಕಿನಿಂದ ಹಿಂದೆ ಎತ್ತಿದ್ದ ಸಾಲದ ದುಡ್ಡು. ಈಗ ವಸೂಲಿಯವರ ಮೆಸೇಜುಗಳು ಊರಿನ ನಂಬರಿಗೇ ಬರುತ್ತಿದ್ದವು. ಇದು ಗೊತ್ತಿದ್ದದ್ದು ಅಲ್ಲಿಯ ಒಬ್ಬ ರೂಮ್‌ಮೇಟ್‌ಗೆ ಮಾತ್ರ.

ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ತೂಕ ಇಳಿದಿತ್ತು, ಮಗಳ ಜೊತೆ ಕೇರಂ ಆಡುವುದನ್ನೂ ಬಿಟ್ಟಿದ್ದರು. ಮನೆಯವರು ‘ಊರಿನ ನೀರು ಹಿಡಿಯಲಿಲ್ಲ’ ಎಂದುಕೊಂಡರು.

ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಮಧ್ಯಾಹ್ನ, ಜಡಿಮಳೆಯ ನಡುವೆ, ಹೆಂಡತಿ ಅವರನ್ನು ತೋಟದ ಶೆಡ್ಡಿನ ಹತ್ತಿರ ಕಂಡರು. ಪಕ್ಕದ ಮನೆಯವರ ರಿಕ್ಷಾದಲ್ಲಿ ತಾಲೂಕು ಆಸ್ಪತ್ರೆ, ಅಲ್ಲಿಂದ 108 ಆ್ಯಂಬುಲೆನ್ಸಿನಲ್ಲಿ ಮಂಗಳೂರು.

ದೇಹ ಉಳಿದ ಬಗೆ

ಈ ಭಾಗವನ್ನು ಬೇಗ ಮುಗಿಸುತ್ತೇನೆ. ಇದರಲ್ಲಿ ನಮ್ಮ ಆಸ್ಪತ್ರೆ ಎಲ್ಲೂ ತಪ್ಪಲಿಲ್ಲ, ಹೊಗಳಿಕೊಳ್ಳಲು ಈ ಬರಹವೂ ಅಲ್ಲ. ವಿಷಕ್ಕೆ ಮದ್ದಾಗಿ ಅಟ್ರೋಪಿನ್, ಉಸಿರಿಗೆ ವೆಂಟಿಲೇಟರ್. ಎರಡನೇ ದಿನ ಚೇತರಿಸಿದಂತೆ ಕಂಡವರು ಮೂರನೇ ದಿನ ಕತ್ತು ಎತ್ತಲಾರದೆ ಹೋದರು. ಇಂಥ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳ ನಡುವೆ ಉಸಿರಾಟದ ಸ್ನಾಯುಗಳು ಹೀಗೆ ಮತ್ತೊಮ್ಮೆ ಸೋಲುವುದುಂಟು, ವೈದ್ಯರು ಅದಕ್ಕೆ ಇಂಟರ್ಮೀಡಿಯೆಟ್ ಸಿಂಡ್ರೋಮ್ ಎನ್ನುತ್ತಾರೆ. ಐಸಿಯುವಿನವರು ಅದನ್ನೇ ಕಾಯುತ್ತಿದ್ದರು, ಹಾಗಾಗಿ ಹಿಡಿದರು. ಹನ್ನೊಂದನೇ ದಿನ ಟ್ಯೂಬ್ ತೆಗೆದರು, ಹದಿಮೂರನೇ ದಿನ ವಾರ್ಡಿಗೆ ಕಳಿಸಿದರು. ಸ್ವರ ಒಡೆದಿತ್ತು, ಕಾಲಲ್ಲಿ ಬಲವಿರಲಿಲ್ಲ. ಉಳಿದಂತೆ ಎಲ್ಲ ರಿಪೋರ್ಟ್ ಸರಿ.

ಹದಿನಾರನೇ ದಿನ ಡಿಸ್ಚಾರ್ಜ್ ಎಂದು ಬರೆದಾಯಿತು. ಆ ತಾರೀಕನ್ನು ಗೊತ್ತುಮಾಡಿದ್ದು ಶ್ವಾಸಕೋಶ, ಕಿಡ್ನಿ ಮತ್ತು ರಕ್ತದ ಪರೀಕ್ಷೆಗಳು.

‘ತಪ್ಪಿ ಕುಡಿದದ್ದು’

ವಿಷಪ್ರಾಶನ ಯಾವುದಿದ್ದರೂ ಆಸ್ಪತ್ರೆಯಲ್ಲಿ ಅದು ಎಂಎಲ್‌ಸಿ, ಅಂದರೆ ಕಾನೂನಿಗೂ ಸಂಬಂಧಿಸಿದ ವೈದ್ಯಕೀಯ ಪ್ರಕರಣ. ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಹೆಡ್ ಕಾನ್‌ಸ್ಟೇಬಲ್ ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಸಂಜೀವಣ್ಣ ಇನ್ನೂ ವೆಂಟಿಲೇಟರಿನಲ್ಲಿದ್ದಾಗಲೇ ಮಾವ ಹೇಳಿಕೆ ಕೊಟ್ಟಾಗಿತ್ತು: ಕೆಮ್ಮಿನ ಸಿರಪ್ ಎಂದು ಕತ್ತಲಲ್ಲಿ ತಪ್ಪಿ ಕುಡಿದದ್ದು. ಮಧ್ಯಾಹ್ನದ ಹೊತ್ತಿಗೆ ಎಂಥ ಕತ್ತಲು ಎಂದು ಯಾರೂ ಕೇಳಲಿಲ್ಲ.

ಮಾವ ಕೆಟ್ಟವರಲ್ಲ. ಕೇಸಾದರೆ ಪಾಸ್‌ಪೋರ್ಟಿಗೆ ತೊಂದರೆ, ಇನ್ಶೂರೆನ್ಸ್ ಸಿಗುವುದಿಲ್ಲ, ನಾಳೆ ಮಗಳಿಗೆ ಸಂಬಂಧ ಬರುವುದಿಲ್ಲ ಎಂಬ ಮೂರು ಹೆದರಿಕೆ ಒಟ್ಟಿಗೇ ಬಂದಿದ್ದವು. ಮೊದಲನೆಯದಕ್ಕೆ ಈಗ ಆಧಾರವಿಲ್ಲ. ಹಿಂದೆ ದಂಡಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗೆ ಸಜೆ ಇಟ್ಟಿತ್ತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಕಲಮು ಅದರ ಹಲ್ಲು ಕಿತ್ತಿತು. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಸರ್ಕಾರಿ ನೌಕರನ ಕೆಲಸಕ್ಕೆ ಒತ್ತಡ ಹೇರಲು ಯತ್ನಿಸಿದರೆ ಎಂಬ ಬೇರೆ ಕಲಮು ಮಾತ್ರ ಉಂಟು. ಇದನ್ನು ಐಸಿಯುವಿನ ಹೊರಗೆ ನಿಂತ ಮನೆಯವರಿಗೆ ಹೇಳುವವರು ಯಾರೂ ಇರಲಿಲ್ಲ. ನಾನು ಹೇಳಬಹುದಿತ್ತು. ನಮ್ಮ ವಿಭಾಗಕ್ಕೆ ಕರೆ ಬಂದದ್ದೇ ಹದಿನಾಲ್ಕನೇ ದಿನ.

ಕರೆ ಬಂದ ಮೇಲಾದರೂ ನಾವು ಏನು ಮಾಡಿದೆವು? ನಮ್ಮ ಕಿರಿಯ ಡಾಕ್ಟರು ಮೇಲೆ ಹೋದರು. ಒಳ್ಳೆಯ ಹುಡುಗ, ಘಟ್ಟದ ಮೇಲಿನವರು, ತುಳು ಬಾರದು. ಮಂಚದ ಸುತ್ತ ಮಾವ, ತಮ್ಮ, ಇನ್ನೊಬ್ಬ ನೆಂಟ. ಪಕ್ಕದ ಮಂಚದ ರೋಗಿಯ ಜೊತೆಗಿದ್ದವರು ಕಿವಿ ಕೊಟ್ಟು ಕುಳಿತಿದ್ದರು. ಡಾಕ್ಟರ ಕನ್ನಡ ಪ್ರಶ್ನೆಗೆ ಸಂಜೀವಣ್ಣ ಒಡೆದ ಸ್ವರದಲ್ಲಿ ಶಾಲೆಯ ಕನ್ನಡದ ಉತ್ತರ ಕೊಟ್ಟರು: “ಇಲ್ಲ ಸರ್. ತಪ್ಪಿ ಆದದ್ದು. ಈಗ ಆರಾಮ ಇದ್ದೇನೆ.” ಸ್ವರ ಕೇಳಿಸದ ಕಡೆ ಮಾವ ಪೂರ್ತಿ ಮಾಡಿಕೊಟ್ಟರು. ‘ಸದ್ಯ ಆತ್ಮಹತ್ಯೆಯ ಯೋಚನೆ ಇಲ್ಲ. ಒಂದು ವಾರ ಬಿಟ್ಟು ಓಪಿಗೆ ಬರಲಿ’ ಎಂದು ಫೈಲಿನಲ್ಲಿ ಬಿತ್ತು. ಸಂಜೆ ಆ ನೋಟ್ ನಾನೂ ಓದಿದೆ. ನನಗೂ ಏನೂ ಅನ್ನಿಸಲಿಲ್ಲ.

ತುಳು ಮನೆಮಾತಾದವರ ಕನ್ನಡ ಎಷ್ಟು ಅಚ್ಚುಕಟ್ಟು ಎಂದು ಬೇರೆ ಕಡೆಯವರು ಮೆಚ್ಚುವುದುಂಟು. ಮೇಷ್ಟ್ರ ಮುಂದೆ ಕಲಿತ ಭಾಷೆ ಅದು. ಸಂಜೀವಣ್ಣ ಮೇಷ್ಟ್ರಿಗೆ ಉತ್ತರ ಕೊಟ್ಟಂತೆಯೇ ಕೊಟ್ಟಿದ್ದರು.

ಮೆಡಿಕಲ್ ಶಾಪಿನ ಕ್ಯೂನಲ್ಲಿ

ಹದಿನೈದನೇ ದಿನ ಮಧ್ಯಾಹ್ನ, ಆಸ್ಪತ್ರೆಯ ಮೆಡಿಕಲ್ ಶಾಪಿನ ಕ್ಯೂನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಕೌಂಟರಿನಲ್ಲಿ ದುಡ್ಡು ಕೇಳಿದಾಗ ಫೋನ್ ತೆಗೆದು, ಹಿಂಜರಿಯುತ್ತ, ಒಂದೊಂದೇ ಬಟನ್ ನೋಡಿ ಒತ್ತಿ ಕಟ್ಟಿದರು. ಕಟ್ಟಿ ಮುಗಿದ ಮೇಲೆ ನನ್ನ ಕಡೆ ತಿರುಗಿ, ತಡವಾದದ್ದಕ್ಕೆ ಬೇಸರಪಡಬೇಡಿ ಎಂಬಂತೆ ತುಳುವಿನಲ್ಲಿ ಹೇಳಿದರು: “ಹೋದ ತಿಂಗಳಷ್ಟೇ ಕಲಿತದ್ದು ಅಕ್ಕ. ಅವರೇ ಕಲಿಸಿದರು.”

ಯಾರು ಎಂದೆ. ಎರಡನೇ ಮಹಡಿಯಲ್ಲಿ ದಾಖಲಾಗಿರುವ ಗಂಡ ಎಂದರು. ಸಂಜೀವಣ್ಣನ ಹೆಂಡತಿ.

ಮಾತು ಮುಂದುವರಿಯಿತು. ಕರೆಂಟ್ ಬಿಲ್ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಸೊಸೈಟಿಯಲ್ಲಿ ಯಾರನ್ನು ಕೇಳಬೇಕು, ಲಾಕರಿನ ಕೀಲಿ ಎಲ್ಲಿದೆ, ಎಲ್ಲವನ್ನೂ ಒಂದು ವಾರ ಕೂರಿಸಿಕೊಂಡು ಕಲಿಸಿದ್ದರಂತೆ. ಮಗಳ ಹೆಸರಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ತಂದಿದ್ದರು. ಬೈಕನ್ನು ತಮ್ಮನ ಹೆಸರಿಗೆ ಮಾಡುವ ಕಾಗದಕ್ಕೆ ಸಹಿ ಹಾಕಿದ್ದರು. ಅವರ ಹೆಂಡತಿ ಇದೆಲ್ಲವನ್ನೂ ಖುಷಿಯಲ್ಲೇ ಹೇಳುತ್ತಿದ್ದರು. “ಹೊರಡುವ ಟೈಮ್ ಬಂತಲ್ಲ ಅಕ್ಕ, ಅದಕ್ಕೆ. ಪ್ರತಿ ಸಲ ಹೊರಡುವ ಮೊದಲು ಹೀಗೇ ಎಲ್ಲ ಸರಿ ಮಾಡಿಟ್ಟು ಹೋಗುವುದು.”

ನನಗೆ ಅಲ್ಲೇ ಹೊಟ್ಟೆ ಕಲಸಿತು. ಆತ್ಮಹತ್ಯೆಯ ಯತ್ನದ ನಂತರ ಉದ್ದೇಶದ ತೀವ್ರತೆ ಅಳೆಯಲು ಆ್ಯರನ್ ಬೆಕ್ 1970ರ ದಶಕದಲ್ಲಿ ಮಾಡಿದ ಒಂದು ಪಟ್ಟಿ ಉಂಟು. ಅದರಲ್ಲಿ ‘ಕೊನೆಯ ಏರ್ಪಾಡುಗಳು’ ಎಂಬುದು ಒಂದು ಪ್ರಶ್ನೆ. ವಿಲ್ ಬರೆಯುವುದು, ವಸ್ತು ಹಂಚುವುದು ಇಂಥ ಉದಾಹರಣೆಗಳನ್ನು ಇಟ್ಟುಕೊಂಡು ನಾವು ಕೇಳುತ್ತೇವೆ. ಗಲ್ಫ್ ಮನೆಯಲ್ಲಿ ಕೊನೆಯ ಏರ್ಪಾಡು ಎರಡು ವರ್ಷಕ್ಕೊಮ್ಮೆ ಬರುವ ವಾಡಿಕೆ. ಅದರೊಳಗೆ ಇನ್ನೊಂದು ಏರ್ಪಾಡು ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ಅಂಕ ಎಷ್ಟು ಎಂದು ಕೇಳಬೇಡಿ. ಮುಂದೆ ಯಾರು ಮತ್ತೆ ಯತ್ನಿಸುತ್ತಾರೆ ಎಂದು ಇಂಥ ಅಂಕಗಳು ಸರಿಯಾಗಿ ಹೇಳಲಾರವು, ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ (NICE) ಮಾರ್ಗಸೂಚಿ ಅದಕ್ಕಾಗಿ ಬಳಸಲೇಬೇಡಿ ಎನ್ನುತ್ತದೆ. ನನಗೆ ಬೇಕಾದದ್ದು ಅಂಕವೂ ಆಗಿರಲಿಲ್ಲ. ನಾಳೆ ಬೆಳಿಗ್ಗೆಯ ಡಿಸ್ಚಾರ್ಜ್ ನಿಲ್ಲಬೇಕಿತ್ತು.

ಆ ಸಂಜೆ

ಮನೆಯವರನ್ನೆಲ್ಲ ಕಾಫಿಗೆ ಕಳಿಸಿ, ಗಾಲಿಕುರ್ಚಿಯಲ್ಲಿ ಸಂಜೀವಣ್ಣನನ್ನು ನಮ್ಮ ಕೋಣೆಗೆ ಕರೆತಂದೆವು. ಹಿರಿಯ ಮನೋವೈದ್ಯರೂ ನಾನೂ. ‘ಯಾಕೆ ಹಾಗೆ ಮಾಡಿದಿರಿ’ ಎಂದು ಕೇಳಲಿಲ್ಲ. ಹದಿನೈದು ದಿನಗಳಲ್ಲಿ ಆ ಪ್ರಶ್ನೆಯನ್ನು ವಾರ್ಡ್ ಬಾಯ್‌ನಿಂದ ಹಿಡಿದು ಎಲ್ಲರೂ ಕೇಳಿದ್ದರು. ‘ಯಾಕೆ’ ಎಂದರೆ ತಪ್ಪೊಪ್ಪಿಗೆ ಕೇಳಿದ ಹಾಗೆ. ನಾನು “ಆನಿ ದಾದ ಆಂಡ್ ಸಂಜೀವಣ್ಣ?” ಎಂದೆ. ಆ ದಿನ ಏನಾಯಿತು, ಬೆಳಿಗ್ಗೆ ಎದ್ದಲ್ಲಿಂದ ಹೇಳಿ.

ತುಂಬ ಹೊತ್ತು ಅವರು ತಮ್ಮ ಕೈ ನೋಡುತ್ತ ಕುಳಿತರು. ಐಸಿಯುವಿನಲ್ಲಿ ಅಟ್ರೋಪಿನ್ ಅಮಲಿನಲ್ಲಿ ಟ್ಯೂಬ್ ಎಳೆಯುತ್ತಿದ್ದರೆಂದು ಕಟ್ಟಿದ್ದ ಪಟ್ಟಿಯ ಗುರುತು ಇನ್ನೂ ಇತ್ತು. ಆಮೇಲೆ ಬೆಳಗಿನ ಮೂರು ಗಂಟೆಯಿಂದ ಶುರುಮಾಡಿದರು. ತುಳುವಿನಲ್ಲಿ, ಪಿಸುಧ್ವನಿಯಲ್ಲಿ, ಒಂದೂಕಾಲು ಗಂಟೆ. ಕಂಪೆನಿ, ಸಾಲ, ಮೆಸೇಜು, ಅಂದು ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಇಬ್ಬರು ಕೇಳಿದ “ಪಿರ ಏಪ?” ಎಲ್ಲ ಬಂತು. ಎರಡು ವಾರದಿಂದ ಯೋಚಿಸಿದ್ದರು. ಈಗ ಹೇಗನ್ನಿಸುತ್ತಿದೆ ಎಂದು ವೈದ್ಯರು ನೇರವಾಗಿ ಕೇಳಿದರು. “ಎಂಕ್ ಬೊಡ್ಚಿ ಡಾಕ್ಟ್ರೇ.” ನನಗೆ ಬೇಡ. ಮನೆಗೆ ಹೋದರೆ ಏನು ಮಾಡುತ್ತೀರಿ ಎಂದದ್ದಕ್ಕೆ ಉತ್ತರ ಬರಲಿಲ್ಲ.

ಅವರು ಇನ್ನೊಂದು ಮಾತು ಹೇಳಿದರು. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದ್ದೆ, ಬರೆಯಿರಿ ಎಂದವರು ಅವರೇ. ವೆಂಟಿಲೇಟರಿನಲ್ಲಿದ್ದಾಗ ಅವರಿಗೆ ಕೆಲವು ಹೊತ್ತು ಕಿವಿ ಕೇಳುತ್ತಿತ್ತು. ಯಾರೋ ತಲೆಯ ಹತ್ತಿರವೇ ನಿಂತು ಅಂದಿದ್ದರಂತೆ: “ಸಾಯ್ಲಿಕ್ಕೆ ಹೊರಟವರಿಗೆ ವೆಂಟಿಲೇಟರ್. ಬದುಕ್ಲಿಕ್ಕೆ ಬಂದವರಿಗೆ ವೈಟಿಂಗ್.” ಅದು ಸರಿಯೇ ಅಲ್ಲವಾ ಅಕ್ಕ ಎಂದು ನನ್ನನ್ನು ಕೇಳಿದರು. ಆ ಮಾತು ಆಡಿದವರು ಯಾರೆಂದು ನಾನು ಹುಡುಕಲು ಹೋಗಲಿಲ್ಲ. ಹನ್ನೆರಡು ಗಂಟೆ ಡ್ಯೂಟಿ ಮುಗಿದ ಮೇಲೆ ನಾನೂ ಕಾರಿಡಾರಿನಲ್ಲಿ ಅಂಥದ್ದನ್ನು ಆಡಿದವಳೇ.

ಒಪ್ಪಿಸಿದ ಬಗೆ

ತೀವ್ರ ಖಿನ್ನತೆ ಎಂದು ವೈದ್ಯರು ತೀರ್ಮಾನಿಸಿದರು. ಆ ರಾತ್ರಿಯೇ ಮಂಚವನ್ನು ಕಿಟಕಿ ಪಕ್ಕದಿಂದ ನರ್ಸಿಂಗ್ ಸ್ಟೇಷನ್ನಿನ ಎದುರಿಗೆ ತಂದರು, ಒಬ್ಬರು ಸದಾ ಜೊತೆಗಿರುವಂತೆ ಹೇಳಿದರು. ಮರುದಿನ ಮನೋವೈದ್ಯಕೀಯ ವಾರ್ಡಿಗೆ ಬದಲಿಸುವ ಮಾತು ಎತ್ತಿದಾಗ ಮಾವ ಎದ್ದೇ ನಿಂತರು. “ಎಂತ ಮಾರಾಯ್ರೆ, ಅವನಿಗೆ ಹುಚ್ಚಾ?”

ಇಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯ ಬಂತು. ಮನೆಯವರ ಸಹಿ ಪಡೆದು, ಕಾಯ್ದೆ ಕೊಡುವ ಬೆಂಬಲಿತ ದಾಖಲಾತಿಯ ದಾರಿ ಹಿಡಿಯೋಣ ಎಂದು ಒಬ್ಬರು. ಹಿರಿಯರು ಒಪ್ಪಲಿಲ್ಲ. ಈ ಮನುಷ್ಯನ ಬದುಕಿನಲ್ಲಿ ಎಲ್ಲ ಸಹಿಯನ್ನೂ ಬೇರೆಯವರಿಗಾಗಿಯೇ ಹಾಕಿದ್ದಾನೆ, ಇದೊಂದನ್ನು ಅವನೇ ತನಗಾಗಿ ಹಾಕಲಿ ಎಂದರು. ಸ್ವತಂತ್ರ ದಾಖಲಾತಿ ಎಂದರೆ ರೋಗಿ ತಾನೇ ಒಪ್ಪಿ ಸೇರುವುದು, ಬಿಡುಗಡೆಯನ್ನೂ ತಾನೇ ಕೇಳುವುದು. ಬೇಡ ಎಂದರೆ ಏನು ಮಾಡುವುದು ಎಂಬ ಭಯ ನನಗಿತ್ತು. ಸಂಜೀವಣ್ಣ ಕಾಗದವನ್ನು ಪೂರ್ತಿ ಓದಿದರು, ಎಷ್ಟು ದಿನ ಎಂದರು, ಹತ್ತು ಎಂದೆವು. ಸಹಿ ಹಾಕಿದರು.

ಮಾವನನ್ನು ಎದುರು ಹಾಕಿಕೊಳ್ಳುವುದು ಸುಲಭವಿತ್ತು, ಲಾಭವಿರಲಿಲ್ಲ. ಅವರಿಗೆ ಕಾನೂನಿನ ವಿಷಯ ಬಿಡಿಸಿ ಹೇಳಿದೆ, ಹೇಳಿಕೆ ತಿದ್ದಬೇಕಾದರೆ ಭಯಪಡಬೇಕಿಲ್ಲ ಎಂದೆ. ಅವರಾಗಲೇ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ್ದರು. ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವಕ್ಕೆ ತಂಬಿಲ ಎಂಬ ಸೇವೆ ಬಾಕಿ ಇದೆ ಎಂದು ಬಂದಿತ್ತು. ಮಾತ್ರೆ ನಿಲ್ಲಿಸಲು ಏನಾದರೂ ಹೇಳಿದ್ದಾರಾ ಎಂದು ಮಾತ್ರ ಕೇಳಿದೆ. ಇಲ್ಲ ಎಂದರು. ಹಾಗಾದರೆ ಡಿಸ್ಚಾರ್ಜ್ ಆದ ಎರಡನೇ ವಾರ ಇಟ್ಟುಕೊಳ್ಳಿ, ಸಂಜೀವಣ್ಣನೇ ಮುಂದೆ ನಿಲ್ಲಲಿ ಎಂದೆ. ಆಸ್ಪತ್ರೆಯಿಂದ ಹೋದ ಮೊದಲ ವಾರಗಳಲ್ಲೇ ಮತ್ತೆ ಯತ್ನಿಸುವ ಅಪಾಯ ಅತಿ ಹೆಚ್ಚು. ಆ ದಿನಗಳಲ್ಲಿ ಮನೆ ತುಂಬ ಜನ, ಕೈ ತುಂಬ ಕೆಲಸ ಇರುವುದು ನಮಗೂ ಬೇಕಿತ್ತು. ನಮ್ಮ ಹಿರಿಯರು ಈ ಲೆಕ್ಕಾಚಾರಕ್ಕೆ ನಕ್ಕರು, ಬೇಡ ಎನ್ನಲಿಲ್ಲ.

ಔಷಧಿಯಲ್ಲಿ ಒಂದು ಸೂಕ್ಷ್ಮ ಇತ್ತು. ಆ ವಿಷ ಹೃದಯದ ಇಸಿಜಿಯಲ್ಲಿ ಕ್ಯೂಟಿ ಎಂಬ ಅವಧಿಯನ್ನು ಎಳೆಯುತ್ತದೆ, ಅದು ಅತಿಯಾದರೆ ಬಡಿತ ತಪ್ಪಬಹುದು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸಿಟಲೋಪ್ರಾಮ್ ಕೂಡ ಸ್ವಲ್ಪ ಎಳೆಯುತ್ತದೆ. ಹಾಗಾಗಿ ಇಸಿಜಿ ಸರಿಯಾದ ಮೇಲೆ ಖಿನ್ನತೆಯ ಇನ್ನೊಂದು ಮಾತ್ರೆ ಸರ್ಟ್ರಾಲಿನ್ ಆರಿಸಿದರು. ಒಂದೊಂದೇ ವಾರದ ಮಾತ್ರೆ, ಹೆಂಡತಿಯ ಕೈಯಲ್ಲಿ. ಕೆಲಸ ಹೋದದ್ದನ್ನು ಮನೆಯವರಿಗೆ ಹೇಳುವ ದಿನವನ್ನು ಸಂಜೀವಣ್ಣನೇ ಗೊತ್ತುಮಾಡಿದರು, ವಾರ್ಡಿನ ಏಳನೇ ದಿನ. ಹೆಂಡತಿ ಅತ್ತರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, “ಎಂಟು ತಿಂಗಳು ಊಟಕ್ಕೆ ಎಂತ ಮಾಡಿದಿರಿ?” ತಾಯಿಗೆ ಇವತ್ತಿಗೂ ಅರ್ಧವಷ್ಟೇ ಗೊತ್ತು. ಅದು ಅವರ ತೀರ್ಮಾನ.

ಒಂದು ಹಾಳೆ, ಮೂರು ಹೆಸರು

ಮನೆಗೆ ಹೋಗುವ ಮೊದಲು ಸುರಕ್ಷತಾ ಯೋಜನೆ ಬರೆಯುತ್ತೇವೆ. ಅಲೆ ಏಳುವುದು ಹೇಗೆ ಗೊತ್ತಾಗುತ್ತದೆ, ಎದ್ದಾಗ ಮೊದಲು ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು, ಮನೆಯಲ್ಲಿ ಏನು ಇರಬಾರದು, ಇಷ್ಟೆಲ್ಲ ರೋಗಿಯ ಕೈಬರಹದಲ್ಲೇ.

ಕೊನೆಯದರಿಂದ ಶುರುಮಾಡುತ್ತೇನೆ. ತೋಟಕ್ಕೆ ಬಿಡುವ ಕೀಟನಾಶಕದ ಮದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ ಎಂದು ತಮ್ಮ ಹೇಳಿದ. ಹೇಳಲು ಚೆನ್ನಾಗಿದೆ. ಆದರೆ ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದಲ್ಲಿ, 2017ರಲ್ಲಿ ಫಲಿತಾಂಶ ಬಂದಾಗ, ಅದರಿಂದ ಪ್ರಯೋಜನ ಕಾಣಲಿಲ್ಲ. ಅದೇ ದೇಶದಲ್ಲಿ ಅತಿ ಅಪಾಯದ ಕೀಟನಾಶಕಗಳನ್ನೇ ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಭಾರೀ ಪ್ರಮಾಣದಲ್ಲಿ ಇಳಿದವು. ಬೀಗ ಇದ್ದಲ್ಲಿ ಕೀಲಿಯೂ ಇರುತ್ತದೆ. ನಾವು ಕೇಳಿದ್ದು ಮನೆಯಲ್ಲಿ ಇರುವುದೇ ಬೇಡ ಎಂದು. ತೋಟಕ್ಕೆ ಬೇಕಾದಾಗ ಮದ್ದು ಬಿಡುವ ಜನರೇ ತಂದು, ಬಿಟ್ಟು, ಉಳಿದದ್ದನ್ನು ಒಯ್ಯಬೇಕು. ಶೆಡ್ಡಿನಲ್ಲಿದ್ದುದನ್ನು ತೋಡಿಗೆ ಸುರಿಯಲು ಹೊರಟಿದ್ದರು, ಅದನ್ನೂ ತಡೆಯಬೇಕಾಯಿತು. ಕೃಷಿ ಇಲಾಖೆಯವರನ್ನು ಕೇಳಿ ತಮ್ಮ ಅದನ್ನು ಸಾಗಿಸಿದ.

ಕರೆ ಮಾಡುವ ಹೆಸರುಗಳಲ್ಲಿ ಮೊದಲನೆಯದು ತಮ್ಮ. ಎರಡನೆಯದು ಗಲ್ಫ್‌ನ ಆ ರೂಮ್‌ಮೇಟ್. ಮೂರನೆಯದು ನಾನು. ಕೆಳಗೆ 14416, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತಾಡಬಹುದು.

ರೂಮ್‌ಮೇಟ್ ಹೆಸರನ್ನು ನಾನು ಹೊಡೆದುಹಾಕಲು ಹೊರಟಿದ್ದೆ. ಅಷ್ಟು ದೂರದವರು ಏನು ಮಾಡಿಯಾರು, ಹತ್ತು ನಿಮಿಷದಲ್ಲಿ ಮನೆಗೆ ಬರುವವರು ಬೇಕು ಎಂದು ನನ್ನ ವಾದ. ಸಂಜೀವಣ್ಣ ಪೆನ್ನು ಕೊಡಲಿಲ್ಲ. “ಅವನ ಹತ್ತಿರ ಸುಳ್ಳು ಹೇಳಬೇಕಾಗಿಲ್ಲ” ಎಂದರು.

ಆಟಿ ಮುಗಿದ ಮೇಲೆ

ಮನೆಗೆ ಹೋದವರನ್ನು ಎಷ್ಟು ಸಲ ಮಾತಾಡಿಸಬೇಕು ಎಂಬುದಕ್ಕೆ ನಾವು ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನವನ್ನು ಹಿಡಿದಿದ್ದೇವೆ. ಚೆನ್ನೈ ಸೇರಿ ಐದು ದೇಶಗಳ ಐದು ಕಡೆ, ಯತ್ನದ ನಂತರ ಆಸ್ಪತ್ರೆಗೆ ಬಂದ 1,867 ಮಂದಿಯ ಮೇಲೆ ನಡೆದದ್ದು, 2008ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಂಪರ್ಕ: 1, 2, 4, 7, 11ನೇ ವಾರ, 4, 6, 12, 18ನೇ ತಿಂಗಳು. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇಕಡ 0.2, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 2.2. ಖರ್ಚು ಒಂದು ಡೈರಿ, ಒಂದು ಫೋನು.

ಮೊದಲ ವಾರ, ಎರಡನೇ ವಾರ ಚೆನ್ನಾಗಿಯೇ ಹೋಯಿತು. ತಂಬಿಲ ಆಯಿತು. ಕಾಲಿನಲ್ಲಿ ಜೋಮು ಬರುತ್ತಿದೆ ಎಂದಾಗ ತಡಮಾಡದೆ ಕರೆಸಿ ನರರೋಗ ತಜ್ಞರಿಗೆ ತೋರಿಸಿದೆವು. ಇಂಥ ವಿಷದ ಪೆಟ್ಟು ನರಗಳಿಗೆ ಕೆಲವು ವಾರ ತಡವಾಗಿ ಬೀಳುವುದುಂಟು. ಫಿಸಿಯೋಥೆರಪಿ ಶುರುವಾಯಿತು. ನಾನು ಸ್ವಲ್ಪ ನೆಮ್ಮದಿಯಲ್ಲಿದ್ದೆ. ಎಣಿಸದೆ ಹೋದದ್ದು ಪಂಚಾಂಗವನ್ನು.

ಆಟಿಯಲ್ಲಿ ನಮ್ಮಲ್ಲಿ ಶುಭಕಾರ್ಯವಿಲ್ಲ. ಜನ ಸೇರುವುದಿಲ್ಲ, ಹಾಗಾಗಿ ಯಾರೂ ಏನೂ ಕೇಳಿರಲಿಲ್ಲ. ಅದರ ಮುಂದಿನ ತಿಂಗಳು, ಸೋಣ, ಬಂತು. ನಾಲ್ಕನೇ ವಾರದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ, ಹಾಲ್ ತುಂಬ ಜನ. ಎಲ್ಲರಿಗೂ ಸಂಜೀವಣ್ಣ ‘ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದವರು’. ಮೈ ಇಳಿದಿದೆ ಎಂದು ಮರುಕ, ಅದರ ಬೆನ್ನಿಗೇ ಪ್ರಶ್ನೆ. ಊಟದ ಪಂಕ್ತಿಯಲ್ಲಿ ಐದನೆಯವರು “ಪಿರ ಏಪ?” ಎಂದಾಗ ಅವರು ಎಲೆ ಬಿಟ್ಟು ಎದ್ದರು. ಬಸ್ ಹತ್ತಿ ಒಬ್ಬರೇ ಹೊರಟರು.

ಬಸ್ಸಿನಿಂದ ತಮ್ಮನಿಗೆ ಕರೆ ಮಾಡಿದ್ದಾರೆ. ಹಾಲಿನ ಗದ್ದಲದಲ್ಲಿ ತಮ್ಮನಿಗೆ ಕೇಳಿಸಲಿಲ್ಲ. ನನಗೆ ಮಾಡಲಿಲ್ಲ, ಭಾನುವಾರ ಅಲ್ಲವಾ ಎಂದುಕೊಂಡರಂತೆ. ರೂಮ್‌ಮೇಟ್‌ಗೆ ವಾಯ್ಸ್ ಮೆಸೇಜ್ ಹಾಕಿದರು. ಆ ಮನುಷ್ಯ ಸೈಟಿನಲ್ಲಿ ಕೆಲಸದ ಮಧ್ಯೆ ಇದ್ದವರು, ತಕ್ಷಣ ವಾಪಸ್ ಕರೆ ಮಾಡಿ ಒಂದು ಗಂಟೆ ಫೋನ್ ಇಡಲಿಲ್ಲ. ಉಪದೇಶ ಮಾಡಲಿಲ್ಲ. ಹಳೆಯ ರೂಮಿನ ಎಸಿ ಯಾವಾಗಲೂ ನೀರು ಸೋರುತ್ತಿದ್ದದ್ದು, ರಿಪೇರಿಯವರ ರೂಮಿನ ಎಸಿಯನ್ನೇ ಯಾರೂ ರಿಪೇರಿ ಮಾಡದೆ ಇದ್ದದ್ದು, ಇಂಥದ್ದೇ ಮಾತು. ನಡುವೆ ಇನ್ನೊಬ್ಬರ ಫೋನಿನಿಂದ ತಮ್ಮನಿಗೂ ಸುದ್ದಿ ಮುಟ್ಟಿಸಿದರು. ಸಂಜೀವಣ್ಣ ತಮ್ಮ ಸ್ಟಾಪಿನಲ್ಲಿ ಇಳಿಯಲಿಲ್ಲ. ಬಸ್ ಕೊನೆಗೆ ನಿಲ್ಲುವ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನವರೆಗೆ ಬಂದು, ಅಲ್ಲಿಂದ ನಡೆದು, ನಮ್ಮ ಕ್ಯಾಶುವಾಲ್ಟಿಯ ಬೆಂಚಿನಲ್ಲಿ ಕುಳಿತಿದ್ದರು. ತಮ್ಮ ಬಂದು ಸೇರಿದ.

ಆ ರಾತ್ರಿ ದಾಖಲು ಮಾಡಿಕೊಂಡೆವು, ಮೂರು ದಿನಕ್ಕೆ ಬಿಟ್ಟೆವು. ಈ ಸಲ ನಮ್ಮ ಕೆಲಸ ಬೇರೆಯಿತ್ತು. ಆ ಪ್ರಶ್ನೆಗೆ ಒಂದು ಉತ್ತರ ಬೇಕಿತ್ತು. ಸುಳ್ಳಾಗಿರಬಾರದು, ಎಲ್ಲವನ್ನೂ ಬಿಚ್ಚಿಡಲೂಬಾರದು. ವಾರ್ಡಿನ ವರಾಂಡದಲ್ಲಿ ಕುಳಿತು ಹತ್ತಾರು ಉತ್ತರ ಹೇಳಿ ನೋಡಿದೆವು. ನಾನು ಊರವಳಾಗಿ ಕೇಳುವುದು, ಅವರು ಉತ್ತರಿಸುವುದು. ಕೊನೆಗೆ ಅವರಿಗೆ ಸರಿಕಂಡದ್ದು ತೀರಾ ಚಿಕ್ಕದು: “ಇನ್ನು ಇಲ್ಲೇ.” ಇಪ್ಪತ್ತು ಸಲ ಹೇಳಿಸಿದೆ. ಹದಿನೈದನೆಯ ಸಲಕ್ಕೆ ಅವರಿಗೆ ನಗು ಬಂತು. ನಾನು ಕಂಡ ಅವರ ಮೊದಲ ನಗು ಅದು.

ಅದೇ ವರಾಂಡದಲ್ಲಿ ಅವರು ಕೇಳಿದರು, ನಾನು ಮತ್ತೆ ಹಾಗೆ ಮಾಡುತ್ತೇನಾ ಅಕ್ಕ ಎಂದು. ಇಲ್ಲ ಎಂದು ಭರವಸೆ ಕೊಡುವ ಹಕ್ಕು ನನಗಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ: ಯತ್ನದಿಂದ ಬದುಕಿ ಉಳಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ, ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದ ಅಧ್ಯಯನಗಳು ಹೇಳುವುದು ಹಾಗೆ.

ಏನು ಬದಲಾಯಿತು

ಸೊಸೈಟಿಯ ಮನೆಸಾಲದ ಕಂತನ್ನು ಇಳಿಸಿಕೊಟ್ಟರು. ರಸ್ತೆ ಬದಿಯ ಐದು ಸೆಂಟ್ಸ್ ಜಾಗ ಮಾರಿದರು. ಮಾವನಿಗೆ ಅದು ಇವತ್ತಿಗೂ ನೋವು. ಗಲ್ಫ್‌ನ ಸಾಲದ ವಿಷಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರನ್ನು ಕಂಡರು. ಸಾಲ ಪೂರ್ತಿ ತೀರಿಲ್ಲ. ಮೆಸೇಜು ಬಂದರೆ ಈಗ ತಮ್ಮ ಓದುತ್ತಾನೆ.

ನಮ್ಮ ಆಸ್ಪತ್ರೆಯಲ್ಲಿ ಆದ ಬದಲಾವಣೆ ಸಣ್ಣದು. ಇಂಥ ರೋಗಿ ಐಸಿಯುಗೆ ಬಂದ ಮರುದಿನವೇ ನಮಗೆ ಕರೆ ಬರುತ್ತದೆ, ರೋಗಿಗಲ್ಲದಿದ್ದರೂ ಹೊರಗೆ ನಿಂತ ಮನೆಯವರಿಗಾಗಿ. ರೋಗಿಯ ಮಾತನ್ನು ಒಬ್ಬರೇ ಇರುವಾಗ ಅವರ ಮನೆಮಾತಿನಲ್ಲಿ ಕೇಳಬೇಕು. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ, ಯಾವುದಾದರೂ ಸರಿ, ಬಲ್ಲ ಸಿಬ್ಬಂದಿಯನ್ನು ಹುಡುಕಿ ತರಬೇಕು, ನೆಂಟರನ್ನು ದುಭಾಷಿ ಮಾಡಬಾರದು. ‘ಯೋಚನೆ ಇಲ್ಲ’ ಎಂದು ಬರೆಯುವವರು ಯಾರ ಎದುರು, ಯಾವ ಭಾಷೆಯಲ್ಲಿ ಕೇಳಿದ್ದು ಎಂಬುದನ್ನೂ ಬರೆಯಬೇಕು. ಆ ಕಿರಿಯ ಡಾಕ್ಟರು ಈಗ ತುಳು ಕಲಿಯುತ್ತಿದ್ದಾರೆ. ಉಚ್ಚಾರ ಕೇಳಿ ರೋಗಿಗಳು ನಗುತ್ತಾರೆ, ಅದರಿಂದ ನಷ್ಟವೇನೂ ಆಗಿಲ್ಲ. ಐಸಿಯುವಿನ ಸಿಸ್ಟರ್‌ಗಳ ಜೊತೆ ಒಂದು ಮಧ್ಯಾಹ್ನ ಕುಳಿತು ಆ ‘ವೈಟಿಂಗ್’ ಮಾತನ್ನು ಹೇಳಿದೆವು, ಯಾರ ಕಡೆಯೂ ಬೆರಳು ತೋರಿಸದೆ. ಕೋಣೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಎಲ್ಲವೂ ಸರಿಯಾಗಿದೆ ಎಂದಲ್ಲ. ಭಾನುವಾರ ನನಗೆ ಕರೆ ಮಾಡಬಹುದೆಂದು ಸಂಜೀವಣ್ಣನಿಗೆ ಅನ್ನಿಸಲಿಲ್ಲವಲ್ಲ, ಅದಕ್ಕೆ ನಮ್ಮಲ್ಲಿ ಇನ್ನೂ ಉಪಾಯವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ಎಣಿಸಿತು. ಬದುಕಿ ಮನೆಗೆ ಹೋದವರು ಆ ಪುಸ್ತಕದಲ್ಲಿಲ್ಲ. ನನ್ನ ಡೈರಿಯಲ್ಲಿ ಒಂದಷ್ಟು ಹೆಸರುಗಳಿವೆ, ಅಷ್ಟೇ.

ಹದಿನೆಂಟನೇ ತಿಂಗಳ ಕರೆ, ಒಂಬತ್ತನೆಯದು ಮತ್ತು ಕೊನೆಯದು. ಸಂಜೀವಣ್ಣ ಮಂಗಳೂರಿನಲ್ಲೇ ಎಸಿ ರಿಪೇರಿ ಮಾಡುತ್ತಾರೆ, ತಮ್ಮನ ಹೆಸರಿಗೆ ಆಗದೆ ಉಳಿದ ಆ ಬೈಕಿನಲ್ಲೇ ಓಡಾಟ. ಮಾತ್ರೆ ವೈದ್ಯರು ಹೇಳಿದಂತೆ ನಿಧಾನಕ್ಕೆ ಇಳಿಸುತ್ತಿದ್ದಾರೆ. ಹಿಂದೆ ಡ್ರಿಲ್ಲಿಂಗ್ ಶಬ್ದ. ಇದು ಕೊನೆಯ ಕರೆ, ಇನ್ನು ಬೇಕಾದಾಗ ನೀವೇ ಮಾಡಬೇಕು ಎಂದೆ. ಆಗಲಿ ಎಂದರು. ಆಮೇಲೆ, “ಅಕ್ಕ, ಮಾರ್ಚ್ ಏಪ್ರಿಲ್‌ನಲ್ಲಿ ನೀವು ಮಾಡಿದ್ರೂ ನಾನು ಎತ್ತುವುದಿಲ್ಲ, ಹೆದರಬೇಡಿ. ಸೀಸನ್ ಅಲ್ಲವಾ, ಪುರುಸೊತ್ತಿರುವುದಿಲ್ಲ.”

ಡೈರಿಯಲ್ಲಿ ಅವರ ಹೆಸರಿನ ಮುಂದೆ ಮೇ ತಿಂಗಳಿಗೆ ಒಂದು ಗುರುತು ಹಾಕಿಟ್ಟಿದ್ದೇನೆ. ಅಧ್ಯಯನದಲ್ಲಿ ಹತ್ತನೆಯ ಕರೆ ಇಲ್ಲ.